ಇಂಜಿನ್ ಬ್ಲಾಕ್ ಒಳಗೆ ಮುರಿದ ಬೋಲ್ಟ್ ನಾನು ತೆಗೆದಿದ್ದು ಹೀಗೆ

ಕೊಡಗಲ್ಲಿ ಹಳೇ ಟ್ರ್ಯಾಕ್ಟರ್ ಇಟ್ಕೊಂಡೋರಿಗೆ ಗೊತ್ತಿರುತ್ತೆ, ಮಳೆಗಾಲದಲ್ಲಿ ಗದ್ದೆ ಉಳೋಕೆ, ಆಮೇಲೆ ಕಾಫಿ ಚೀಲ ಸಾಗಿಸೋಕೆ, ಮಿಕ್ಕಿದ ದಿನ ಶೆಡ್ಡಲ್ಲೇ ತೇವ ಹಿಡ್ಕೊಂಡು ನಿಂತಿರುತ್ತೆ. ರೇಡಿಯೇಟರ್‌ಗೆ ಕೂಲಂಟ್ ಯಾರು ಹಾಕ್ತಾರೆ, ತೋಡಿನ ನೀರೇ. ಹಾಗಾಗಿ ವಾಟರ್ ಪಂಪ್ ಬೋಲ್ಟ್ ತುಕ್ಕು ಹಿಡಿದು ಬ್ಲಾಕ್ ಜೊತೆ ಒಂದಾಗಿಬಿಡುತ್ತೆ. ನಮ್ಮ ಹಳೇ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರಲ್ಲಿ ಪಂಪ್ ಬಿಚ್ಚುವಾಗ ಎರಡು ಬೋಲ್ಟ್ ತಲೆ ಕಟ್ಟಾಗಿ ಬಂತು, ಒಂದು ಬ್ಲಾಕ್ ಮಟ್ಟಕ್ಕೆ, ಇನ್ನೊಂದು ಇನ್ನೂ ಒಳಗೆ. ಗೋಣಿಕೊಪ್ಪದಲ್ಲಿ ಕೇಳಿದ್ರೆ ಇಂಜಿನ್ ಇಳಿಸಿ ತಗೊಂಡ್ ಬನ್ನಿ ಅಂದ್ರು. ನಾಟಿ ಟೈಮಲ್ಲಿ ಇಂಜಿನ್ ಇಳಿಸೋದಾ! ರೇಡಿಯೇಟರ್ ತೆಗೆದಿಟ್ಟು ನಾನೇ ಕೂತೆ.

ಎಲ್ರೂ ಮೊದಲು ಕೈ ಹಾಕೋದು ಈಸಿ ಔಟ್‌ಗೆ (ಮುರಿದ ಬೋಲ್ಟಲ್ಲಿ ತೂತು ಕೊರೆದು, ಅದರೊಳಗೆ ಕಚ್ಚಿಸಿ ತಿರುಗಿಸೋ ಉಪಕರಣ), ನಾನು ಅದನ್ನ ಮುಟ್ಟೋದೇ ಇಲ್ಲ. ತುಕ್ಕಿಗೆ ಕಚ್ಕೊಂಡು ತಿರುಗದೆ ಮುರಿದ ಬೋಲ್ಟು, ಅದಕ್ಕಿಂತ ಸಣ್ಣ ಈಸಿ ಔಟ್‌ಗೆ ಹೇಗೆ ಬರುತ್ತೆ ಹೇಳಿ? ಅದು ಗಟ್ಟಿ ಉಕ್ಕು, ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ ಅಷ್ಟೇ.

ಪವರ್ ಸ್ಟೀರಿಂಗ್ ಆಯಿಲ್, ಅಸಿಟೋನ್ ಅರ್ಧರ್ಧ ಕಲಸಿ ಬಿಟ್ಟೆ. ತೂತು ಅಡ್ಡಕ್ಕಿರೋದ್ರಿಂದ ಆಯಿಲ್ ನಿಲ್ಲಲ್ಲ, ಅದಕ್ಕೆ ಚಪಾತಿ ಹಿಟ್ಟಲ್ಲಿ ತೂತಿನ ಕೆಳಗೆ ಒಂದು ಬಟ್ಟಲ ಥರ ಕಟ್ಟಿ ಅದರೊಳಗೆ ತುಂಬಿಟ್ಟು ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಪೂರ್ತಿ ಒರೆಸಿ ಒಣಗಿಸಿ ಆಮೇಲೆನೇ ಬೆಂಕಿ, ಇದು ಮರೀಬಾರದು, ಅಸಿಟೋನ್ ಭಗ್ ಅಂತ ಹತ್ಕೊಳ್ಳುತ್ತೆ. ಡೀಸೆಲ್ ಪೈಪ್ ಮೇಲೆ ಒದ್ದೆ ಗೋಣಿ, ಬ್ಯಾಟರಿ ವೈರ್ ಬಿಚ್ಚಿ ಪಕ್ಕಕ್ಕೆ.

ಮಟ್ಟಕ್ಕೆ ಮುರಿದಿದ್ದಕ್ಕೆ ನಟ್ ವೆಲ್ಡ್ ಮಾಡಿಸಿದೆ. ಅರ್ಥಿಂಗ್ ಬ್ಲಾಕಿಗೇ ಹತ್ರದಲ್ಲಿ ಹಾಕಿ, ಮೊದಲು ಬೋಲ್ಟ್ ನಡುವಿಗೆ ರಾಡ್ ಇಟ್ಟು ಸ್ವಲ್ಪ ಗುಬ್ಬಿ ಎಬ್ಬಿಸಿ, ಅದರ ಮೇಲೆ ವಾಷರ್, ಅದರ ಮೇಲೆ ಒಂದು ಸೈಜ್ ದೊಡ್ಡ ನಟ್ ಇಟ್ಟು ನಟ್ ಒಳಗೆಲ್ಲ ತುಂಬಿಸಬೇಕು. ವೆಲ್ಡರ್ ಹುಡುಗ "ಅಣ್ಣ, ಬ್ಲಾಕಿಗೆ ಹತ್ಕೊಂಡ್ರೆ?" ಅಂತ ಹೆದರ್ತಿದ್ದ. ಬ್ಲಾಕ್ ಬೀಡು ಕಬ್ಬಿಣ, ಮಾಮೂಲಿ ರಾಡ್ ಅದಕ್ಕೆ ಸರಿಯಾಗಿ ಹಿಡಿಯಲ್ಲ, ಬೋಲ್ಟ್ ಉಕ್ಕಿಗೇ ಹಿಡಿಯುತ್ತೆ, ನಡುವಲ್ಲೇ ಇಡು ಅಂದೆ. ಅಸಲಿ ಕೆಲಸ ಮಾಡೋದು ಬಿಸಿ: ಬೋಲ್ಟ್ ಕಾದು ಹಿಗ್ಗಿ ತುಕ್ಕನ್ನ ಪುಡಿ ಮಾಡುತ್ತೆ, ಆರುವಾಗ ಕುಗ್ಗುತ್ತೆ, ಸಂದು ಬಿಡುತ್ತೆ. ಕೆಂಪು ಹೋಗಿ ಕಪ್ಪಾದ ಮೇಲೆ ಮೇಣದಬತ್ತಿ ತಿಕ್ಕಿದ್ರೆ ಮೇಣ ಕರಗಿ ಥ್ರೆಡ್ ಒಳಗೆ ಹೋಗುತ್ತೆ. ಆಮೇಲೆ ಸ್ಪ್ಯಾನರ್ ಹಾಕಿ ಮೊದಲು ಟೈಟ್ ಕಡೆಗೆ ಒಂಚೂರು, ಆಮೇಲೆ ಲೂಸ್ ಕಡೆಗೆ, ಹಿಂದೆ ಮುಂದೆ. ಕಿರ್ ಅಂದ್ರೆ ಸರಿ ಹೋಗ್ತಿದೆ ಅಂತ. ನಟ್ ಕಿತ್ಕೊಂಡು ಬಂದ್ರೂ ಬೇಜಾರಿಲ್ಲ, ಇನ್ನೊಂದು ಹಾಕಿದ್ರಾಯ್ತು, ಅಷ್ಟು ಹೊತ್ತಿಗೆ ಬೋಲ್ಟ್ ಒಳಗೆ ಬಿಸಿ ಇಳಿದಿರುತ್ತೆ ಅಲ್ವಾ. ಕರೆಂಟು ಕೈ ಕೊಟ್ಟು ಕಾದಿದ್ದೇ ಜಾಸ್ತಿ.

ಒಳಗೆ ಮುರಿದಿದ್ದು ಡ್ರಿಲ್ಲೇ. ಇದರಲ್ಲಿ ನಡುವು ತಪ್ಪಿದ್ರೆ ಡ್ರಿಲ್ ಮೆತ್ತಗಿರೋ ಬೀಡಿನ ಕಡೆಗೆ ವಾಲಿ ಥ್ರೆಡ್ ತಿಂದ್ಹಾಕುತ್ತೆ. ಅದಕ್ಕೆ ಕುಶಾಲನಗರದಲ್ಲಿ ಲೇತ್‌ನಲ್ಲಿ ಒಂದು ಬುಷ್ ಮಾಡಿಸಿದೆ, ಹೊರಗಡೆ ಪಂಪ್ ತೂತಿನ ಸೈಜು, ಒಳಗೆ 5 ಎಂಎಂ. ಹಳೇ ಪಂಪ್ ಬಾಡಿನೇ ಉಳಿದ ಬೋಲ್ಟಲ್ಲಿ ವಾಪಸ್ ಕೂರಿಸಿ ಬುಷ್ ಮೂಲಕ ಡ್ರಿಲ್ ಬಿಟ್ರೆ ನಡುವು ತಪ್ಪೋ ಮಾತೇ ಇಲ್ಲ. ಬಿಟ್ ಎಡಗೈ ಸುತ್ತಿಂದು, ಬೆಂಗಳೂರು ಎಸ್‌ಪಿ ರೋಡಿಂದ ತರಿಸಿದ್ದು, ಡ್ರಿಲ್ ರಿವರ್ಸಲ್ಲಿ ಓಡಿಸಬೇಕು, ಕೆಲವೊಮ್ಮೆ ಕೊರೆಯುವಾಗಲೇ ಬೋಲ್ಟ್ ಕಚ್ಕೊಂಡು ಹೊರಗೆ ಬರುತ್ತೆ. ನನಗೆ ಬರಲಿಲ್ಲ, ಸೈಜ್ ಏರಿಸ್ತಾ ಹೋಗಿ ತೆಳು ಸಿಪ್ಪೆ ಉಳಿದಾಗ ಚಿಮಟದಲ್ಲಿ ಎಳೆದೆ.

ಟ್ಯಾಪ್ (ತೂತೊಳಗೆ ಥ್ರೆಡ್ ಕೊರೆಯೋ ಉಪಕರಣ) ಹಾಕೋ ಮುಂಚೆ ಥ್ರೆಡ್ ಗೇಜ್ ಇಟ್ಟು ಅಳತೆ ನೋಡಿ. ಇದು ಇಂಚಿನ ಥ್ರೆಡ್, 3/8 ಯುಎನ್‌ಸಿ (ಇಂಚಿನ ಒರಟು ಥ್ರೆಡ್), ಇಂಚಿಗೆ 16 ಸುತ್ತು. ಎಂ10 ಅಂದ್ರೆ 10 ಎಂಎಂ ಬೋಲ್ಟಿನ ಪಿಚ್ (ಒಂದು ಸುತ್ತಿಂದ ಇನ್ನೊಂದಕ್ಕೆ ದೂರ) 1.5 ಎಂಎಂ, ಇದು ಹತ್ರತ್ರ 1.59, ಹಾಗಾಗಿ ಅದೇ ಇದು ಅನ್ಸುತ್ತೆ, ಆದ್ರೆ ಎಂ10 ಇದಕ್ಕಿಂತ ದಪ್ಪ, ಪಾನಾ ಹಾಕಿ ನುಗ್ಗಿಸಿದ್ರೆ ಬ್ಲಾಕಿನ ಥ್ರೆಡ್ಡೇ ಹೋಯ್ತು.

ಕೊನೇಲಿ ತೂತನ್ನ ಗಾಳಿ ಊದಿ ಒಣಗಿಸಿ. ತಳ ಮುಚ್ಚಿರೋ ತೂತಲ್ಲಿ ಆಯಿಲ್ ಉಳಿದು ಬೋಲ್ಟ್ ಬಿಗಿದ್ರೆ ಆಯಿಲ್‌ಗೆ ಹೋಗೋಕೆ ಜಾಗ ಇಲ್ದೆ ಬೀಡು ಬಿರುಕು ಬಿಡುತ್ತೆ. ನೀರಿನ ಜಾಕೆಟ್‌ಗೆ (ಬ್ಲಾಕ್ ಒಳಗೆ ನೀರು ಹರಿಯೋ ಜಾಗ) ತೆರೆದಿರೋ ತೂತಿಗೆ ಮಾತ್ರ ಥ್ರೆಡ್ ಸೀಲಂಟ್ ಹಚ್ಚಿ, ಮಿಕ್ಕಿದ್ದಕ್ಕೆ ಆಂಟಿ ಸೀಜ್, ಬೋಲ್ಟ್ ಕಚ್ಕೊಳ್ಳದ ಹಾಗೆ ತಡೆಯೋ ಪೇಸ್ಟ್.