ಅರ್ಧಕ್ಕೇ ನಿಲ್ಲುತ್ತಿದ್ದ ಡಿವಿಡಿ: ತಪ್ಪು ಸಿಕ್ಕಿದ್ದು ಕೇಬಲ್‌ನಲ್ಲಿ

2009ರ ಮಳೆಗಾಲ. ಅಜ್ಜನ ಸಹಸ್ರಚಂದ್ರ ದರ್ಶನದ ವಿಡಿಯೊ ನನ್ನ ಕಂಪ್ಯೂಟರಿನಲ್ಲಿತ್ತು. ಹದಿನೈದು ಮನೆಗೆ ಒಂದೊಂದು ಡಿವಿಡಿ ಮಾಡಿ ಕೊಡುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ. ಆಗ ನಮ್ಮ ನೆಂಟರಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ. ಟಿವಿ ಕೆಳಗೆ ಡಿವಿಡಿ ಪ್ಲೇಯರ್ ಮಾತ್ರ ಎಲ್ಲರ ಮನೆಯಲ್ಲೂ ಇತ್ತು.

ಮೊದಲ ಡಿಸ್ಕ್ ಶೇಕಡಾ 60ರ ಹತ್ತಿರ ಬಂದು ನಿಂತಿತು. ಎರಡನೆಯದು 40ಕ್ಕೇ ಹೋಯಿತು. ಖಾಲಿ ಡಿಸ್ಕ್‌ನ ಒಳಗೆ ಬಣ್ಣದ ಒಂದು ತೆಳು ಪದರ ಇರುತ್ತದೆ. ಲೇಸರ್ ಅದನ್ನು ಕಾಯಿಸಿ ಗುರುತು ಮೂಡಿಸುತ್ತದೆ. ಒಮ್ಮೆ ಸುಟ್ಟ ಜಾಗವನ್ನು ಮತ್ತೆ ಬರೆಯಲು ಆಗುವುದಿಲ್ಲ. ಹಾಗಾಗಿ ಅರ್ಧಕ್ಕೆ ನಿಂತರೆ ಇಡೀ ಡಿಸ್ಕ್ ಕಸಕ್ಕೆ.

ಮೊದಲು ಡಿಸ್ಕ್ ಮೇಲೆ ಅನುಮಾನ ಬಂತು. ಬೇರೆ ಕಂಪನಿಯದು ತಂದೆ, ಅದೂ ಹಾಳಾಯಿತು. ಲೆನ್ಸ್‌ಗೆ ಧೂಳು ಕೂತಿರಬಹುದು ಎಂದು ಕ್ಲೀನರ್ ಡಿಸ್ಕ್ ಹಾಕಿದೆ. ಆಂಟಿವೈರಸ್, ಸ್ಕ್ರೀನ್ ಸೇವರ್ ಎರಡನ್ನೂ ನಿಲ್ಲಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ 16ಎಕ್ಸ್ ಬಿಟ್ಟು 4ಎಕ್ಸ್ ವೇಗಕ್ಕೆ ಇಳಿಸಿದೆ. ಆಗ ಡಿಸ್ಕ್ ಪೂರ್ತಿಯಾಯಿತು, ಆದರೆ 40 ನಿಮಿಷ ಹಿಡಿಯಿತು.

ಆ 40 ನಿಮಿಷವೇ ನನಗೆ ದಾರಿ ತೋರಿಸಿತು. ಡಿವಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. 4ಎಕ್ಸ್ ಎಂದರೆ ಐದೂವರೆ ಎಂಬಿ. ತುಂಬಿದ ಡಿಸ್ಕ್ ಕೂಡ ಹೆಚ್ಚೆಂದರೆ 15 ನಿಮಿಷದಲ್ಲಿ ಮುಗಿಯಬೇಕು. ಮುಗಿಯುತ್ತಿಲ್ಲ ಅಂದರೆ ರೈಟರ್‌ಗೆ, ಅಂದರೆ ಡಿಸ್ಕ್ ಬರೆಯುವ ಡ್ರೈವ್‌ಗೆ, ಡೇಟಾ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ ಅಂತ ಅರ್ಥ, ಅಲ್ವಾ? ನಾನು ಡಿಸ್ಕ್ ಬರೆಯಲು ಬಳಸುತ್ತಿದ್ದ ತಂತ್ರಾಂಶ ಇಮ್ಗ್‌ಬರ್ನ್. ಅದರ ಪರದೆಯ ಕೆಳಗೆ ಎರಡು ಬಫರ್ ಪಟ್ಟಿಗಳಿರುತ್ತವೆ. ಬಫರ್ ಎಂದರೆ ಡಿಸ್ಕ್‌ಗೆ ಹೋಗುವ ಮೊದಲು ಡೇಟಾ ಕಾದು ನಿಲ್ಲುವ ಜಾಗ. ಮುಂದಿನ ಸಲ ಅವನ್ನೇ ನೋಡುತ್ತಾ ಕೂತೆ. ರೈಟರ್‌ನೊಳಗಿನ ಡಿವೈಸ್ ಬಫರ್ ತುಂಬುವುದು, ಸೊನ್ನೆಗೆ ಬೀಳುವುದು, ಮತ್ತೆ ತುಂಬುವುದು. ಮೌಸ್ ಬಾಣ ಕೂಡ ತಡೆದು ತಡೆದು ಓಡಾಡುತ್ತಿತ್ತು.

ನನ್ನದು ವಿಂಡೋಸ್ ಎಕ್ಸ್‌ಪಿ, ಐಡಿಇ ಎಂಬ ಹಳೆಯ ಬಗೆಯ ಚಪ್ಪಟೆ ಕೇಬಲ್‌ನ ರೈಟರ್. ಡಿವೈಸ್ ಮ್ಯಾನೇಜರ್ ತೆರೆದು, ರೈಟರ್ ಸೇರಿದ್ದ ಸೆಕೆಂಡರಿ ಐಡಿಇ ಚಾನೆಲ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ನೋಡಿದೆ. ಅಲ್ಲಿ ಪಿಐಒ ಮೋಡ್ ಎಂದು ಇತ್ತು. ಇರಬೇಕಾದದ್ದು ಅಲ್ಟ್ರಾ ಡಿಎಂಎ. ಡಿಎಂಎ ಇದ್ದರೆ ಡೇಟಾ ನೇರವಾಗಿ ಮೆಮರಿಯಿಂದ ಹೋಗುತ್ತದೆ. ಪಿಐಒದಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ಹಾಕಬೇಕು. ಮೌಸ್ ತಡೆಯುತ್ತಿದ್ದದ್ದು ಅದಕ್ಕೇ.

ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ತಾನೇ ಅದನ್ನು ಮತ್ತೆ ಗುರುತಿಸಿ ಡಿಎಂಎ ಕೊಟ್ಟಿತು. 8ಎಕ್ಸ್‌ನಲ್ಲಿ ಡಿಸ್ಕ್ ಚೆನ್ನಾಗಿ ಬಂತು. ಖುಷಿಯಿಂದ ಮಲಗಿದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಪಿಐಒ!

ಇಲ್ಲಿ ತುಂಬಾ ಜನ ಸೋತು ಹೊಸ ರೈಟರ್ ತರುತ್ತಿದ್ದರು. ನಾನೂ ತರುವವನಿದ್ದೆ. ಆದರೆ ಎಕ್ಸ್‌ಪಿ ಸುಮ್ನೆ ಪಿಐಒಗೆ ಇಳಿಯುವುದಿಲ್ಲ. ಡೇಟಾ ಸಾಗುವಾಗ ತಪ್ಪಾದರೆ, ಉತ್ತರ ಬರುವುದು ತಡವಾದರೆ, ಅದನ್ನು ಲೆಕ್ಕ ಇಡುತ್ತದೆ. ಆರು ತಪ್ಪು ಸೇರಿದರೆ ವೇಗದ ಒಂದು ಮೆಟ್ಟಿಲು ಇಳಿಯುತ್ತದೆ. ಹೀಗೇ ಇಳಿಯುತ್ತಾ ಕೊನೆಗೆ ಪಿಐಒಗೆ ಬಂದು ನಿಲ್ಲುತ್ತದೆ. ಹಾಗಾದರೆ ತಪ್ಪು ಹುಟ್ಟುವ ಜಾಗ ಎಲ್ಲೋ ಇರಲೇಬೇಕು.

ಕರೆಂಟ್ ಪ್ಲಗ್ ತೆಗೆದು ಕ್ಯಾಬಿನೆಟ್ ಬಿಚ್ಚಿದೆ. ರೈಟರ್‌ಗೆ ಹೋಗುವ ಚಪ್ಪಟೆ ಕೇಬಲ್ ಹಳೆಯ 40 ತಂತಿಯದು. ಅದನ್ನು ಎರಡು ಕಡೆ ಗಟ್ಟಿಯಾಗಿ ಮಡಚಿ ಬದಿಯ ತಗಡಿಗೆ ಒತ್ತಿ ತುರುಕಿದ್ದರು. ಒಂದು ಮಡಿಕೆಯಲ್ಲಿ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿತ್ತು. 80 ತಂತಿಯ ಕೇಬಲ್ ತಂದು ಹಾಕಿದೆ. ಅದರಲ್ಲೂ ಪಿನ್‌ಗಳು 40 ಮಾತ್ರ. ಉಳಿದ 40 ತಂತಿ ಗ್ರೌಂಡ್‌ಗೆ ಸೇರಿರುತ್ತವೆ, ಪಕ್ಕಪಕ್ಕದ ಸಿಗ್ನಲ್‌ಗಳು ಒಂದಕ್ಕೊಂದು ತಾಗದಂತೆ ನಡುವೆ ತಡೆಗೋಡೆಯಾಗಿ ನಿಲ್ಲುತ್ತವೆ. ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ರೈಟರ್‌ಗೆ. ಚಾನೆಲ್ಲನ್ನು ಮತ್ತೊಮ್ಮೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ. ಆಮೇಲೆ ಪಿಐಒ ಎಂಬ ಅಕ್ಷರ ಆ ಕಂಪ್ಯೂಟರಿನಲ್ಲಿ ನಾನು ನೋಡಲಿಲ್ಲ.

ಬರೆಯುವುದು ಸರಿಯಾಯಿತು. ಆದರೂ ಕೆಲವು ಡಿಸ್ಕ್ ವೆರಿಫೈ ಮಾಡುವಾಗ, ಅಂದರೆ ಬರೆದದ್ದನ್ನು ಮತ್ತೆ ಓದಿ ಮೂಲದ ಜೊತೆ ಹೋಲಿಸುವಾಗ, ಕೊನೆಯಲ್ಲಿ ತಪ್ಪು ತೋರಿಸುತ್ತಿದ್ದವು. ಡಿವಿಡಿಯ ಬರವಣಿಗೆ ಒಳಗಿನಿಂದ ಹೊರಗೆ ಸಾಗುತ್ತದೆ. 16ಎಕ್ಸ್ ಪೂರ್ತಿ ವೇಗ ಸಿಗುವುದು ಹೊರ ಅಂಚಿನಲ್ಲಿ. ಅಗ್ಗದ ಡಿಸ್ಕ್‌ಗಳು ಕೈಕೊಡುವುದು ಜಾಸ್ತಿ ಅಲ್ಲೇ. ಎಲ್ಲವನ್ನೂ 8ಎಕ್ಸ್‌ನಲ್ಲೇ ಬರೆದೆ, ಬಾಕಿ ಡಿಸ್ಕ್‌ಗಳೆಲ್ಲ ಪಾಸಾದವು. ವೆರಿಫೈ ಮಾಡದ ಒಂದನ್ನೂ ಯಾರಿಗೂ ಕೊಡಲಿಲ್ಲ.

ಅಳತೆಯ ವಿಷಯ ಒಂದು ಹೇಳಬೇಕು. ಡಬ್ಬದ ಮೇಲೆ 4.7 ಜಿಬಿ ಎಂದಿರುತ್ತದೆ. ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 4.37 ಜಿಬಿ ಮಾತ್ರ. ನನ್ನ ವಿಡಿಯೊ 4.5 ಇತ್ತು. ಊಟದ ಪಂಕ್ತಿಯ ಉದ್ದದ ದೃಶ್ಯ ಸ್ವಲ್ಪ ಕತ್ತರಿಸಿದೆ.

ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ಡಿಸ್ಕ್ ತಿರುಗುವಾಗ ಓಲಾಡುತ್ತದೆ. ಡಿಸ್ಕ್‌ಗೆಂದೇ ಸಿಗುವ ಮಾರ್ಕರ್ ಪೆನ್ ಸಾಕು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಬರ್ನ್ ಶುರು ಮಾಡಲೂಬೇಡಿ.

ಹದಿನೈದೂ ಸಿದ್ಧವಾದ ಮೇಲೆ ಒಂದನ್ನು ಅಜ್ಜನ ಮನೆಯ ಹಳೆಯ ಪ್ಲೇಯರ್‌ಗೆ ಹಾಕಿದೆ. ಡಿಸ್ಕ್ ಇಲ್ಲ ಎಂದಿತು. ಬರೆಯುವ ಡಿವಿಡಿಯಲ್ಲಿ ಪ್ಲಸ್ ಆರ್, ಮೈನಸ್ ಆರ್ ಎಂಬ ಬಗೆಗಳಿವೆ. ನಾನು ಬರೆದದ್ದು ಡಿವಿಡಿ ಪ್ಲಸ್ ಆರ್. ಕೆಲವು ಹಳೆಯ ಪ್ಲೇಯರ್‌ಗಳು ಅದನ್ನು ಒಪ್ಪುವುದಿಲ್ಲ. ಡಿವಿಡಿ ಮೈನಸ್ ಆರ್ ತಂದು ಇನ್ನೊಂದು ಬರೆದೆ. ಮರುದಿನ ಸಂಜೆ ಅಜ್ಜ ಕನ್ನಡಕ ಹಾಕಿಕೊಂಡು ಟಿವಿ ಮುಂದೆ ಕೂತರು. ಕಲಶದ ನೀರು ತಮ್ಮ ತಲೆ ಮೇಲೆ ಬೀಳುವ ದೃಶ್ಯ ಬಂದಾಗ, ಇನ್ನೊಂದು ಸಲ ಹಾಕು ಅಂದರು.