ಮಳೆಗಾಲದ ಊಟಕ್ಕೆ ಬೇಸಿಗೆಯಲ್ಲೇ ತಯಾರಿ

ಕಾಲಕ್ಕೆ ತಕ್ಕ ಊಟದ ಮಾತು ಬಂದರೆ ಎಲ್ಲರೂ ಕೇಳುವುದು, ಈ ತಿಂಗಳು ಏನು ತಿನ್ನಬೇಕು ಎಂದು. ಮಲೆನಾಡಿನ ಸಾಗರ ಸೀಮೆಯ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದು ಅಡುಗೆಮನೆ ಹಿಡಿದ ನಾನು ಹೇಳುವುದು, ಮುಂದಿನ ಕಾಲಕ್ಕೆ ಈಗ ಏನು ಮಾಡಿಡಬೇಕು ಎಂದು ಮೊದಲು ಕೇಳಿ. ಇಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಹಿತ್ತಲಿನ ತರಕಾರಿ ಕೊಳೆಯುತ್ತದೆ, ಏನನ್ನು ಒಣಗಿಸುವುದಕ್ಕೂ ಬಿಸಿಲಿರುವುದಿಲ್ಲ. ಆಷಾಢ ಶ್ರಾವಣದ ಊಟ ಮಾರ್ಚ್‌ನಲ್ಲೇ ಶುರುವಾಗಬೇಕು.

ಬೇಸಿಗೆಯಲ್ಲಿ ಮೊದಲ ಕೆಲಸ ಹಲಸಿನಕಾಯಿ ಹಪ್ಪಳದ್ದು. ಕಾಯಿ ಚೆನ್ನಾಗಿ ಬಲಿತಿರಬೇಕು, ಆದರೆ ಸಿಹಿ ಇಳಿದಿರಬಾರದು. ಸಿಹಿ ಇಳಿದ ಕಾಯಿಯ ಹಪ್ಪಳ ಎಣ್ಣೆಗೆ ಬಿದ್ದ ತಕ್ಷಣ ಕಪ್ಪಾಗುತ್ತದೆ. ತೊಳೆ ಬಿಡಿಸಿ, ನೀರು ಸೋಕದಂತೆ ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮುಂಚೆ ಉಪ್ಪು, ಒಣಮೆಣಸು, ಜೀರಿಗೆ ಸೇರಿಸಿ ನುಣ್ಣಗೆ ರುಬ್ಬಿ. ನಿಂಬೆ ಗಾತ್ರದ ಉಂಡೆಯನ್ನು ಎಣ್ಣೆ ಸವರಿದ ಎರಡು ಬಾಳೆಲೆ ತುಂಡುಗಳ ನಡುವೆ ಒತ್ತಿ, ಚಾಪೆಯ ಮೇಲೆ ಹರವಿ. ಎರಡು ಮೂರು ಒಳ್ಳೆಯ ಬಿಸಿಲು ಬೇಕು. ಮುರಿದಾಗ ಟಕ್ಕೆಂದು ತುಂಡಾದರೆ ಡಬ್ಬಿಗೆ ತುಂಬಿ. ಬಾಗಿದರೆ ಇನ್ನೊಂದು ದಿನ ಒಣಗಿಸಿ. ಅರೆಬರೆ ಒಣಗಿದ ಒಂದು ಹಪ್ಪಳ ಸಾಕು, ಇಡೀ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ.

ಅದರ ಜೊತೆಗೇ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಯನ್ನು ಉಪ್ಪು ಬೆರೆಸಿ ಒಣಗಿಸಿಡಿ. ಬೇಸಿಗೆಗೆ ಪಾನಕ, ಮಳೆಗೆ ಬಿಸಿ ಸಾರು, ಎರಡಕ್ಕೂ ಆಗುತ್ತದೆ. ಮಂಗಳೂರು ಸೌತೆಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ತೊಲೆಗೆ ನೇತುಹಾಕಿ. ಕಾಯಿಗೆ ಕಾಯಿ ತಾಗದೆ ಗಾಳಿಯಾಡುತ್ತಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಒಂದು ಕಾಲದಿಂದ ಇನ್ನೊಂದಕ್ಕೆ ಹೋಗುವಾಗ ಆತುರ ಬೇಡ. ಹೋಗುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ ಸೇರಿ ಋತುಸಂಧಿ ಎನ್ನುತ್ತದೆ ಆಯುರ್ವೇದ. ಹಳೆಯ ಅಭ್ಯಾಸ ಬಿಡುವುದೂ ಹೊಸದನ್ನು ಹಿಡಿಯುವುದೂ ಈ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಆಗಬೇಕು. ನಾನು ಮಳೆ ಶುರುವಾಗುವ ಹೊತ್ತಿಗೆ ಮಡಕೆಯ ಲಾವಂಚದ ನೀರನ್ನು ಕಡಿಮೆ ಮಾಡುತ್ತಾ ಜೀರಿಗೆ ಹಾಕಿ ಕುದಿಸಿದ ನೀರಿಗೆ ಬರುತ್ತೇನೆ. ಹಸಿ ಕೋಸಂಬರಿ ಹಿಂದೆ ಸರಿಯುತ್ತದೆ, ಸಾರಿಗೆ ಕಾಳುಮೆಣಸು ಏರುತ್ತದೆ. ಮಳೆಗಾಲದಲ್ಲಿ ನೀರು ಕುದಿಸುವುದನ್ನು ಮಾತ್ರ ಯಾರೂ ತಪ್ಪಿಸಬೇಡಿ. ಬಾವಿಗೆ ಮಣ್ಣುನೀರು ಇಳಿಯುವ ಕಾಲ ಅದು.

ಇನ್ನು ಮಳೆಯೇ ಕೊಡುವ ತಿನಿಸುಗಳು. ನನಗೆ ಬಲು ಪ್ರೀತಿಯದು ಕಳಲೆ. ಬಿದಿರಿನ ಬುಡದಲ್ಲಿ ಎದ್ದ ಎಳೆಯ ಮೊಳಕೆಯ ಹೊರಪದರಗಳನ್ನೆಲ್ಲ ಸುಲಿದು, ಉಗುರು ಸುಲಭವಾಗಿ ಇಳಿಯುವಷ್ಟು ಎಳೆಯ ಭಾಗವನ್ನು ಮಾತ್ರ ತೆಳ್ಳಗೆ ಹೆಚ್ಚಿ ನೀರಿನಲ್ಲಿ ಮುಳುಗಿಸಿ. ದಿನಕ್ಕೊಮ್ಮೆ ನೀರು ಬದಲಿಸುತ್ತಾ ಎರಡು ಮೂರು ದಿನ ಇಡಿ. ಕೊನೆಗೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿ. ಇದು ಬರೀ ಕಹಿ ಕಳೆಯುವ ಕ್ರಮವಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ನೆನೆಸಿ ಬೇಯಿಸಿದರೆ ಅದು ಹೋಗುತ್ತದೆ. ಅವಸರದವರು ಕಳಲೆಯ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಬೆಂದ ಹೋಳುಗಳಿಗೆ ಹೆಸರುಕಾಳು, ತೆಂಗಿನಕಾಯಿ ಮಸಾಲೆ ಸೇರಿಸಿ ಹುಳಿ ಮಾಡಿ, ಇಂಗಿನ ಒಗ್ಗರಣೆ ಕೊಡಿ. ಕಾಡಿಗೆ ನುಗ್ಗಿ ಸಿಕ್ಕ ಸಿಕ್ಕ ಮೊಳಕೆ ಮುರಿಯಬೇಡಿ. ಸ್ವಂತ ಹಿಂಡಿಲಿನದಾದರೂ ನಾಲ್ಕು ಬಿಟ್ಟು ಒಂದು ತೆಗೆದರೆ ಮುಂದಿನ ವರ್ಷವೂ ಬಿದಿರು ಇರುತ್ತದೆ.

ಕೆಸುವಿಗೂ ಇಂಥದೇ ಜಾಗ್ರತೆ ಬೇಕು. ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದಲೇ ಗಂಟಲು ತುರಿಸುವುದು. ಪತ್ರೊಡೆಗೆ ಎಳೆಯ ಎಲೆ ಆರಿಸಿ, ಹಿಂಬದಿಯ ದಪ್ಪ ನರವನ್ನು ಚಾಕುವಿನಿಂದ ಹೆರೆಯಿರಿ. ನೆನೆಸಿದ ಅಕ್ಕಿಯನ್ನು ಒಣಮೆಣಸು, ಕೊತ್ತಂಬರಿ ಬೀಜ, ಬೆಲ್ಲ, ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬಿ. ಹುಣಸೆಹುಳಿ ಸ್ವಲ್ಪ ಹೆಚ್ಚೇ ಇರಲಿ. ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಸವರಿ, ಸುರುಳಿ ಸುತ್ತಿ, ಮುಕ್ಕಾಲು ಗಂಟೆಗೆ ಕಡಿಮೆ ಇಲ್ಲದಂತೆ ಹಬೆಯಲ್ಲಿ ಬೇಯಿಸಿ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಕೆಸುವಿನಿಂದ ದೂರ ಇರುವುದು ಕ್ಷೇಮ.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲದವರಿಗೆ ತಂಬುಳಿ ಇದೆ. ಹಿಡಿ ಒಂದೆಲಗವನ್ನು ಮಣ್ಣು ಹೋಗುವ ತನಕ ತೊಳೆಯಿರಿ. ಚರಂಡಿ ಬದಿಯಲ್ಲಿ ಬೆಳೆದದ್ದನ್ನು ಕೀಳಲೇಬೇಡಿ. ತುಪ್ಪದಲ್ಲಿ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಅದರಲ್ಲೇ ಸೊಪ್ಪು ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ. ಒಂದೆಲಗ ಸಿಗದಿದ್ದರೆ ಚಕ್ರಮುನಿ ಅಥವಾ ಪೇರಳೆ ಕುಡಿ ಆದೀತು. ಹತ್ತು ನಿಮಿಷದ ಕೆಲಸ. ಬಿಸಿ ಅನ್ನಕ್ಕೆ ಕಲಸಿಕೊಂಡು ಮೊದಲು ಉಣ್ಣಿ, ಸಾರು ಆಮೇಲೆ ಬರಲಿ.

ಚಳಿಗಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆಗ ಹಸಿವು ತಾನಾಗಿ ಚುರುಕಾಗಿರುತ್ತದೆ. ಎಳ್ಳು, ನೆಲ್ಲಿಕಾಯಿ, ಸುವರ್ಣಗೆಡ್ಡೆ, ಆಲೆಮನೆಯಿಂದ ಬಂದ ಜೋನಿಬೆಲ್ಲ, ದೋಸೆಯ ಮೇಲೆ ಸ್ವಲ್ಪ ಹೆಚ್ಚು ತುಪ್ಪ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಬೆಲ್ಲ ಕಂಡು ಮೈಮರೆಯಬಾರದು.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದೆಲ್ಲ ಆಗದು ಎನ್ನುವವರಿಗೆ ನನ್ನ ಸಲಹೆ ಇಷ್ಟೇ: ಮಲೆನಾಡಿನ ಪಟ್ಟಿಯನ್ನು ಅಲ್ಲಿಗೆ ಹೊತ್ತೊಯ್ಯಬೇಡಿ. ನಿಮ್ಮ ಸುತ್ತಲಿನ ಬಯಲುಸೀಮೆಗೂ ತನ್ನದೇ ಕಾಲಗಳಿವೆ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಆಗ ಹೊಟ್ಟೆತುಂಬ ಉಣ್ಣಿ, ಸೊಗಡಿಲ್ಲದ ತಿಂಗಳಲ್ಲಿ ಕೈಬಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಬಾಲ್ಕನಿಗೆ ಬಿಸಿಲು ಬಿದ್ದರೆ ಒಂದು ಮೊರದಷ್ಟು ಸಂಡಿಗೆಯನ್ನಾದರೂ ಹಾಕಿ. ಯಾವ ತರಕಾರಿ ಅಗ್ಗವಾಗಿ, ರಾಶಿಯಾಗಿ, ಹತ್ತಿರದ ಊರಿನಿಂದ ಬಂದಿದೆ ಎಂದು ಸೊಪ್ಪಿನವರನ್ನು ಕೇಳಿ, ವಾರದ ಅಡುಗೆಯನ್ನು ಅದರ ಮೇಲೆ ನಿರ್ಧರಿಸಿ. ಅವರಿಗೆ ನಿಮ್ಮ ಕ್ಯಾಲೆಂಡರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.