ಹಿತ್ತಲ ಹಕ್ಕಿಗಳ ಪಂಚಾಂಗ: ಒಂದು ವರ್ಷ ನೋಡುವುದು ಹೇಗೆ?

ಸೆಪ್ಟೆಂಬರ್ ಮೂರನೇ ವಾರ ಬಂತೆಂದರೆ ಮೈಸೂರಿನ ನಮ್ಮ ಮನೆಯ ಹಿತ್ತಲಿಗೆ ಒಬ್ಬ ಅತಿಥಿ ಬರುತ್ತಾನೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ನೀರು ಹರಿದು ಪಾಚಿ ಕಟ್ಟಿದ ಜಾಗವೇ ಅವನಿಗೆ ಬೇಕು. ಬೂದು ಬೆನ್ನು, ಹಳದಿ ಹೊಟ್ಟೆ, ಒಂದು ಗಳಿಗೆಯೂ ಸುಮ್ಮನಿರದೆ ಮೇಲೆ ಕೆಳಗೆ ಆಡುವ ಉದ್ದ ಬಾಲ. ಕುಂಡೆಕುಸ್ಕ ಎಂದು ಹೆಸರಿಟ್ಟವರು ಸರಿಯಾಗಿಯೇ ನೋಡಿದ್ದರು. ಹಿಮಾಲಯದಲ್ಲೋ ಅದರಾಚೆಯ ತಣ್ಣನೆಯ ನಾಡಿನಲ್ಲೋ ಮರಿ ಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಇಳಿಯುವ ಹಕ್ಕಿ ಇದು. ನನ್ನ ನೋಟ್‌ಬುಕ್ಕಿನಲ್ಲಿ ಅದು ಬಂದ ತಾರೀಖುಗಳಿವೆ: ಮೊದಲ ವರ್ಷ 21, ಮರುವರ್ಷ 19, ಅದರ ಮರುವರ್ಷ 22. ಈ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು. ಬರೆದಿಡಲು ಶುರುಮಾಡಿದ ಮೇಲೆಯೇ ಅದು ಪ್ರತಿವರ್ಷ ಬರುತ್ತದೆಂದು ನನಗೆ ಗೊತ್ತಾದದ್ದು.

ಹಕ್ಕಿ ನೋಡಲು ಕಬಿನಿಗೋ ರಂಗನತಿಟ್ಟಿಗೋ ಹೋಗಲೇಬೇಕೆಂದಿಲ್ಲ. ಒಂದೇ ಜಾಗವನ್ನು ವರ್ಷವಿಡೀ ನೋಡಿದವರಿಗೆ ಕಾಣುವುದು ಸಫಾರಿಯ ಮೂರು ಗಂಟೆಯಲ್ಲಿ ಕಾಣುವುದಿಲ್ಲ. ಹಿತ್ತಲಿಲ್ಲದವರಿಗೆ ತಾರಸಿ ಆಗುತ್ತದೆ, ನಾಲ್ಕು ಕುಂಡಗಳ ಬಾಲ್ಕನಿಯೂ ಆಗುತ್ತದೆ.

ಕೂರುವ ಜಾಗ, ಕೂರುವ ಹೊತ್ತು

ಮೊದಲು ಒಂದು ಜಾಗ ಗೊತ್ತುಮಾಡಿಕೊಳ್ಳಿ. ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲು ಎಲ್ಲಕ್ಕಿಂತ ಒಳ್ಳೆಯದು. ಬೆನ್ನ ಹಿಂದೆ ಗೋಡೆ ಇರುವುದರಿಂದ ನಿಮ್ಮ ಆಕಾರ ಹಕ್ಕಿಗೆ ಎದ್ದು ಕಾಣುವುದಿಲ್ಲ. ಬೆಳಗಿನ ಬಿಸಿಲು ನಿಮ್ಮ ಕಣ್ಣಿಗೆ ಹೊಡೆಯದಂತೆ ಕುಳಿತುಕೊಳ್ಳಿ. ಎದುರಿಗೆ ಬಿಸಿಲಿದ್ದರೆ ಎಲ್ಲ ಹಕ್ಕಿಗಳೂ ಕಪ್ಪಗೇ ಕಾಣುತ್ತವೆ.

ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಸಾಕು. ದಿನವೂ ಅದೇ ಹೊತ್ತಿಗೆ ಕೂರಬೇಕು, ಅಷ್ಟೇ. ಮೊದಲ ಐದು ನಿಮಿಷ ಹಿತ್ತಲು ಖಾಲಿ ಅನ್ನಿಸುತ್ತದೆ. ನೀವು ಬಾಗಿಲು ತೆರೆದ ಸದ್ದಿಗೆ ಎಲ್ಲವೂ ಅಡಗಿರುತ್ತವೆ. ಅಲುಗಾಡದೆ ಕೂತಿರಿ. ಮೊದಲು ಅಳಿಲು ಇಳಿಯುತ್ತದೆ, ಅದರ ಹಿಂದೆಯೇ ಉಳಿದವು.

ಬೈನಾಕ್ಯುಲರ್ ಕೊಳ್ಳುವ ಆತುರ ಬೇಡ. ಎರಡು ತಿಂಗಳು ಬರಿಗಣ್ಣಿನಲ್ಲಿ ನೋಡಿ, ಆಸಕ್ತಿ ಉಳಿದರೆ 8×42 ಅಳತೆಯದನ್ನು ಕೊಳ್ಳಿ. 8 ಎಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಇನ್ನೂ ಹೆಚ್ಚು ಪಟ್ಟಿನದು ಹಿತ್ತಲಿಗೆ ಬೇಕಿಲ್ಲ. ಕೈ ಸ್ವಲ್ಪ ನಡುಗಿದರೂ ಅದರಲ್ಲಿ ಚಿತ್ರ ಕುಣಿಯುತ್ತದೆ, ಕಾಣುವ ಜಾಗವೂ ಕಿರಿದಾಗುತ್ತದೆ.

ಗುರುತು ಹಿಡಿಯುವುದು

ಬಣ್ಣದಿಂದ ಶುರುಮಾಡಿದರೆ ದಾರಿ ತಪ್ಪುತ್ತೀರಿ. ಗುಬ್ಬಿ, ಗೊರವಂಕ, ಕಾಗೆ, ಈ ಮೂರನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಕಂಡದ್ದು ಗುಬ್ಬಿಗಿಂತ ಚಿಕ್ಕದೋ, ಗೊರವಂಕದಷ್ಟೋ, ಕಾಗೆಗಿಂತ ದೊಡ್ಡದೋ? ಆಮೇಲೆ ಕೊಕ್ಕು, ಬಾಲ, ಕೂತ ಜಾಗ, ಮಾಡುತ್ತಿದ್ದ ಕೆಲಸ. ಇಷ್ಟು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದದ್ದಕ್ಕೆ ನಮ್ಮ ಹೆಸರುಗಳೇ ನೆರವಿಗೆ ಬರುತ್ತವೆ: ಮರಕುಟಿಗ ಮರ ಕುಟ್ಟುತ್ತದೆ, ಚಂದ್ರಮುಕುಟದ ತಲೆಯ ಮೇಲೆ ಕಿರೀಟವಿದೆ, ಹರಟೆಮಲ್ಲಗಳು ಗುಂಪಾಗಿ ಬಂದು ಒಣಎಲೆ ಕೆದಕುತ್ತ ಒಂದೇ ಸಮನೆ ಹರಟುತ್ತವೆ.

ಕೂಗಿನಿಂದ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ. ಬಳಸಿ, ಆದರೆ ಅದು ಹೇಳಿದ ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆ ಮಾತ್ರ ಬರೆದುಕೊಳ್ಳಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹತ್ತಿರ ಕರೆಯುವ ಕೆಲಸ ಮಾತ್ರ ಖಂಡಿತ ಬೇಡ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದ್ದಾನೆಂದು ಅದು ಮರಿಗಳನ್ನು ಬಿಟ್ಟು ಹುಡುಕಾಡುತ್ತದೆ.

ನೀರು ಮತ್ತು ಊಟ

ಅಗಲ ಬಾಯಿಯ ಮಣ್ಣಿನ ತಟ್ಟೆ ತನ್ನಿ. ನೀರಿನ ಆಳ ಎರಡು ಇಂಚು ದಾಟಬಾರದು. ನಡುವೆ ಒಂದು ಒರಟು ಕಲ್ಲಿಡಿ. ಸಣ್ಣ ಹಕ್ಕಿಗಳು ಅದರ ಮೇಲೆ ಕೂತು ಕುಡಿಯುತ್ತವೆ, ಬಿದ್ದ ಜೇನುಹುಳವೂ ಹತ್ತಿಕೊಂಡು ಬದುಕುತ್ತದೆ. ತಟ್ಟೆಯನ್ನು ನೆರಳಲ್ಲಿಡಿ, ಆದರೆ ಬೆಕ್ಕು ಹೊಂಚುಹಾಕುವ ಪೊದೆಯಿಂದ ಆರೇಳು ಅಡಿ ದೂರವಿರಲಿ. ನೀರನ್ನು ದಿನವೂ ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ, ಹೊಸದು ತುಂಬಿಸಿ. ಬಿಸಿಲುಗಾಲದಲ್ಲಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ವಾರ, ಹತ್ತು ದಿನ ಸಾಕು.

ಕಾಳು ಹಾಕುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಪಟ್ಟಣದಲ್ಲಿ ಕಾಳು ಹಾಕಿದರೆ ಪಾರಿವಾಳ ತುಂಬುತ್ತವೆ, ರಾತ್ರಿ ಇಲಿ ಬರುತ್ತವೆ. ಬ್ರೆಡ್ಡು, ಉಪ್ಪು ಹಾಕಿದ ಅನ್ನ, ಕರಿದ ತಿಂಡಿ ಯಾವುದೂ ಹಕ್ಕಿಯ ಆಹಾರವಲ್ಲ. ಅದರ ಬದಲು ಗಿಡ ನೆಡಿ. ದಾಸವಾಳ, ಬಾಳೆಯ ಹೂವಿಗೆ ಸೂರಕ್ಕಿ ಬರುತ್ತದೆ. ಸಂಪಿಗೆಯ ಕಾಯಿ ಬಿರಿದು ಕೆಂಪು ಬೀಜ ಕಂಡ ದಿನ ಪಿಕಳಾರ, ಕುಟ್ರುಹಕ್ಕಿಗಳ ಜಾತ್ರೆ. ಸೀಬೆ, ಪಪ್ಪಾಯಿಯಲ್ಲಿ ಮೇಲಿನ ಎರಡು ಹಣ್ಣನ್ನು ಕೊಯ್ಯದೆ ಬಿಡಿ. ಹಗಲು ಹಕ್ಕಿ ತಿಂದು ಉಳಿಸಿದ್ದನ್ನು ರಾತ್ರಿ ಬಾವಲಿ ಮುಗಿಸುತ್ತದೆ.

ಮಾವಿನ ಕೊಂಬೆಯ ಮೇಲೆ ಬದನಿಕೆ ಬೆಳೆದಿದ್ದರೆ ಅಲ್ಲಿ ಹೆಬ್ಬೆರಳಿನಷ್ಟೇ ಗಾತ್ರದ ಬದನಿಕೆ ಹಕ್ಕಿಯನ್ನು ಹುಡುಕಿ. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಅದೂ ಒಂದು. ಅದು ತಿಂದ ಹಣ್ಣಿನ ಬೀಜ ಅಂಟಂಟಾಗಿ ಹೊರಬರುತ್ತದೆ. ಆ ಅಂಟನ್ನು ಬಿಡಿಸಿಕೊಳ್ಳಲು ಹಕ್ಕಿ ಕೊಂಬೆಗೆ ಒರೆಸುತ್ತದೆ, ಬೀಜ ಅಲ್ಲೇ ಬೇರು ಬಿಡುತ್ತದೆ.

ಇನ್ನೊಂದು ಮಾತು: ಹಿತ್ತಲನ್ನು ಅಂಗಳದ ಹಾಗೆ ಗುಡಿಸಬೇಡಿ. ಒಂದು ಮೂಲೆಯಲ್ಲಾದರೂ ತರಗೆಲೆ ಬಿದ್ದಿರಲಿ, ಅದಕ್ಕೆ ಬೆಂಕಿ ಹಾಕಬೇಡಿ. ಹಾವುರಾಣಿ, ಕಪ್ಪೆ, ಎರೆಹುಳ ಎಲ್ಲವೂ ಬದುಕುವುದು ಅದರ ಅಡಿಯಲ್ಲೇ.

ಮಳೆ ಹಿಂದೆ ಸರಿದಾಗ: ಸೆಪ್ಟೆಂಬರ್, ಅಕ್ಟೋಬರ್

ನೋಡಲು ಶುರುಮಾಡುವುದಕ್ಕೆ ಇದೇ ತಕ್ಕ ಕಾಲ. ಒಗ್ಗರಣೆಗೆ ಕರಿಬೇವು ಕೊಯ್ಯುವಾಗ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಕೊಡವಬೇಡಿ. ಅದು ಕಾಮನ್ ಮಾರ್ಮನ್ ಎಂಬ ದೊಡ್ಡ ಕಪ್ಪು ಚಿಟ್ಟೆಯ ಮರಿಹುಳ ಇರಬಹುದು. ತಿನ್ನುವವರ ಕಣ್ಣು ತಪ್ಪಿಸಲು ಅದು ಹಿಕ್ಕೆಯ ವೇಷದಲ್ಲಿರುತ್ತದೆ, ಕೊನೆಯ ಸಲ ಪೊರೆ ಕಳಚಿದ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಕವಲು ಕೊಂಬು ಚಾಚಿ ಗಾಟು ವಾಸನೆ ಬಿಡುತ್ತದೆ. ಒಮ್ಮೆ ನೋಡಿ, ಮತ್ತೆ ಮತ್ತೆ ಕೆಣಕಬೇಡಿ. ಆ ಗಿಡದ ಒಂದು ರೆಂಬೆಯನ್ನು ಅದಕ್ಕೇ ಬಿಟ್ಟುಕೊಡಿ.

ಸಂಜೆ ತಲೆಯೆತ್ತಿದರೆ ಏರೋಪ್ಲೇನ್ ಚಿಟ್ಟೆಗಳ ಹಿಂಡು ಕಾಣಬಹುದು. ಅವುಗಳಲ್ಲಿ ಒಂದು ಬಗೆ, ಹಳದಿ ಮಿಶ್ರಿತ ಕಂದು ಮೈಯದು, ಗಾಳಿಯ ಜೊತೆ ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ಸೇರುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಅಕ್ಟೋಬರಿನಲ್ಲಿ ನವರಂಗ ಬರುತ್ತದೆ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದಡಿ ಕೆಂಪು, ಕಣ್ಣಿನ ಮೇಲೆ ಕಪ್ಪು ಪಟ್ಟೆ. ತರಗೆಲೆ ಕೆದಕಿ ಹುಳ ಹುಡುಕುವ ಹಕ್ಕಿ ಇದು; ನಿಮ್ಮ ತರಗೆಲೆಯ ಮೂಲೆ ಕೈಹಿಡಿಯುವುದು ಆಗಲೇ. ಉತ್ತರದಿಂದ ರಾತ್ರಿ ಹಾರಿ ಬರುವ ಈ ಹಕ್ಕಿ ಸುಸ್ತಾಗಿ ಮನೆಗಳ ಒಳಗೆ ನುಗ್ಗುವುದುಂಟು, ಕಿಟಕಿಯ ಗಾಜಿಗೆ ಬಡಿದು ಬೀಳುವುದೂ ಉಂಟು. ಬಿದ್ದದ್ದು ಸಿಕ್ಕರೆ ಬಾಯಿಗೆ ನೀರು ಬಿಡಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಕತ್ತಲೆಯ ನಿಶ್ಶಬ್ದ ಜಾಗದಲ್ಲಿ ಒಂದೆರಡು ಗಂಟೆ ಇಡಿ. ಚೇತರಿಸಿಕೊಂಡರೆ ಪೊದೆಯ ಬಳಿ ಪೆಟ್ಟಿಗೆ ತೆರೆದು ಹಿಂದೆ ಸರಿಯಿರಿ. ರೆಕ್ಕೆ ಜೋಲುತ್ತಿದ್ದರೆ ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ತಿಳಿಸಿ.

ಚಳಿಗಾಲ

ಎಲೆಗಳ ನಡುವೆ ಹೆಸರು ಹೇಳಲಾಗದ ಕಂದು, ಹಸಿರು ಉಲಿಯಕ್ಕಿಗಳು ಸರಿದಾಡುವ ಕಾಲ. ಅವುಗಳ ಜೊತೆ ಹೆಚ್ಚು ಗುದ್ದಾಡಬೇಡಿ; ಅನುಭವಿಗಳಿಗೂ ಅವು ಕಷ್ಟವೇ. ರಾಜಹಕ್ಕಿಯ ಗಂಡು ಬಂದರೆ ಮಾತ್ರ ತಪ್ಪಿಸಿಕೊಳ್ಳಬೇಡಿ: ಬಿಳಿ ಮೈ, ಕಪ್ಪು ತಲೆ, ಮೈಗಿಂತಲೂ ಉದ್ದದ ಎರಡು ಗರಿಯ ಬಾಲ. ಸಣ್ಣ ಪ್ರಾಯದ ಗಂಡು ಕಂದು ಬಣ್ಣಕ್ಕಿರುತ್ತದೆ.

ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ನಿಮ್ಮ ಹಿತ್ತಲನ್ನೂ ಸೇರಿಸಿ. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಗಣತಿಗೆ 2013ರಿಂದ ಭಾರತವೂ ಸೇರಿದೆ. ಕನಿಷ್ಠ 15 ನಿಮಿಷ ಕೂತು, ಕಂಡ ಹಕ್ಕಿಗಳನ್ನು ಎಣಿಸಿ, ಹಕ್ಕಿಗಳ ಲೆಕ್ಕ ಇಡುವ ಇಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಿದರಾಯಿತು. ಕಾಗೆ, ಗೊರವಂಕ ಎಂದು ಬಿಟ್ಟುಬಿಡಬೇಡಿ. ಇವತ್ತು ಸಾಮಾನ್ಯವಾದದ್ದು ಮುಂದೆ ಕಡಿಮೆಯಾದರೆ, ಅದನ್ನು ತಿಳಿಯಲು ಇರುವುದು ಇಂಥ ಲೆಕ್ಕವೇ.

ಬಿಸಿಲುಗಾಲ: ಹಾಡು, ಗೂಡು

ಯುಗಾದಿಯ ಆಸುಪಾಸಿನಲ್ಲಿ ಬೆಳಕು ಹರಿಯುವ ಮುಂಚೆಯೇ ಮಡಿವಾಳ ಹಕ್ಕಿ ಆಂಟೆನಾದ ತುದಿಯಲ್ಲಿ ಹಾಡಲು ಶುರುಮಾಡುತ್ತದೆ. ಕೋಗಿಲೆಯೂ ಏರುದನಿಯಲ್ಲಿ ಕೂಗುತ್ತದೆ. ಹಾಡುವುದು ಕೆಂಗಣ್ಣಿನ ಕಪ್ಪು ಗಂಡು. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆಯದು, ಅದರ ಕೂಗು ಬರೀ ಕಿಕ್ ಕಿಕ್ ಕಿಕ್. ಮಧ್ಯಾಹ್ನದ ಉರಿಯಲ್ಲಿ ಟುಕ್, ಟುಕ್, ಟುಕ್ ಎಂದು ತಾಮ್ರದ ತಗಡು ಬಡಿದ ಸದ್ದು ಕೇಳಿದರೆ ಅದು ಕಂಚುಕುಟಿಗ. ಅದು ಗೂಡು ಕೊರೆಯುವುದು ಒಣಗಿ ಮೆತ್ತಗಾದ ಕೊಂಬೆಯಲ್ಲಿ. ಮನೆಯ ಮೇಲೆ ಬೀಳುವ ಭಯವಿಲ್ಲದಿದ್ದರೆ ಅಂಥ ಕೊಂಬೆಯನ್ನು ಕಡಿಸಬೇಡಿ.

ಈ ಕಾಲದಲ್ಲಿ ಹಕ್ಕಿಗಳು ಸ್ಕೂಟರಿನ ಕನ್ನಡಿಯಲ್ಲಿ ಕಂಡ ತಮ್ಮ ಬಿಂಬದ ಜೊತೆ ಜಗಳಕ್ಕೆ ನಿಲ್ಲುತ್ತವೆ. ಗಂಟೆಗಟ್ಟಲೆ ಕುಕ್ಕಿ ಬಳಲುತ್ತವೆ. ಗಾಡಿ ನಿಲ್ಲಿಸಿದ ಕೂಡಲೇ ಕನ್ನಡಿಗೆ ಹಳೆಯ ಕಾಲುಚೀಲ ಹಾಕಿಬಿಡಿ.

ನಮ್ಮ ಹಿಂಬಾಗಿಲ ಬಲ್ಬಿನ ಹಳೆಯ ವೈರಿಗೆ ಸೂರಕ್ಕಿ ಗೂಡು ನೇತುಹಾಕಿತ್ತು. ಕಟ್ಟಿದ್ದೆಲ್ಲ ಹೆಣ್ಣೇ. ಜೇಡರ ಬಲೆಯಿಂದ ಹೆಣೆದು, ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆ, ಒಣ ಎಲೆಯ ತುಣುಕುಗಳನ್ನು ಹೊರಗೆ ಅಂಟಿಸಿತ್ತು. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ. ಒಳಗೆ ಎಕ್ಕದ ಹತ್ತಿಯ ಮೆತ್ತೆ; ಬಾಗಿಲಿನ ಮೇಲೆ ಮಳೆಗೆ ಅಡ್ಡವಾಗಿ ಒಂದು ಪುಟ್ಟ ಸೂರು. ಎರಡು ವಾರ ಕಾವು, ಹೆಚ್ಚುಕಡಿಮೆ ಇನ್ನೆರಡು ವಾರ ಮರಿಗಳ ಪಾಲನೆ. ಅಷ್ಟೂ ದಿನ ನಾವು ಪಕ್ಕದ ಬಾಗಿಲಿನಿಂದ ಓಡಾಡಿದೆವು.

ಅದಕ್ಕೆ ಹಿಂದಿನ ವರ್ಷ ನಾನೊಂದು ತಪ್ಪು ಮಾಡಿದ್ದೆ. ದಾಸವಾಳದಲ್ಲಿದ್ದ ಪಿಕಳಾರದ ಗೂಡಿನ ಫೋಟೊ ಚೆನ್ನಾಗಿ ಬರಲೆಂದು ಅಡ್ಡವಿದ್ದ ರೆಂಬೆಯನ್ನು ದಾರದಿಂದ ಬಾಗಿಸಿ ಕಟ್ಟಿದೆ. ಮರುದಿನ ಬೆಳಿಗ್ಗೆ ಕಾಗೆ ಮೂರೂ ಮರಿಗಳನ್ನು ಒಯ್ದಿತ್ತು. ತಾಯಿ ಕೊಕ್ಕಿನಲ್ಲಿ ಹುಳ ಹಿಡಿದುಕೊಂಡು ಮಧ್ಯಾಹ್ನದವರೆಗೂ ಅಲ್ಲೇ ಸುತ್ತುತ್ತಿತ್ತು. ಗೂಡನ್ನು ಮರೆಮಾಡಿರುವ ಒಂದು ಎಲೆಯನ್ನೂ ಮುಟ್ಟಬೇಡಿ. ದೂರದಿಂದ ನೋಡಿ, ಬೇಗ ಸರಿದುಬಿಡಿ. ಮರಿ ನೆಲಕ್ಕೆ ಬಿದ್ದಿದ್ದು ಮೈಮೇಲೆ ಇನ್ನೂ ಗರಿ ಬಂದಿಲ್ಲವಾದರೆ ಎತ್ತಿ ಗೂಡಿನಲ್ಲಿಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ನಿಜವಲ್ಲ. ಗರಿ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಬೆಕ್ಕನ್ನು ಒಳಗೆ ಕೂಡಿಹಾಕಿ, ಮರಿಯನ್ನು ಅಲ್ಲೇ ಬಿಡಿ. ಸಾಕಲು ಎತ್ತಿಕೊಂಡು ಹೋಗುವಂತಿಲ್ಲ. ಗಿಳಿಯನ್ನು ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮೊದಲ ಮಳೆ

ಭರಣಿ, ಕೃತ್ತಿಕೆಯ ಮಳೆ ಬಿದ್ದ ಸಂಜೆ ಹಿಂಬಾಗಿಲಲ್ಲಿ ಕೂರುವುದನ್ನು ಮರೆಯಬೇಡಿ. ನೆಲದ ತೂತುಗಳಿಂದ ರೆಕ್ಕೆ ಬಂದ ಗೆದ್ದಲು, ನಮ್ಮ ಕಡೆಯ ಈಸಲು ಹುಳ, ಹೊಗೆಯ ಹಾಗೆ ಏಳುತ್ತದೆ. ಕಾಜಾಣ ತಂತಿಯ ಮೇಲಿಂದ ಹಾರಿ ಗಾಳಿಯಲ್ಲೇ ಹಿಡಿಯುತ್ತದೆ, ಗೊರವಂಕ ನೆಲದಲ್ಲೇ ಹೆಕ್ಕುತ್ತದೆ, ಕತ್ತಲಾದ ಮೇಲೆ ದೀಪದಡಿ ಕಪ್ಪೆ, ಗೋಡೆಯಲ್ಲಿ ಹಲ್ಲಿ. ಅರ್ಧ ಗಂಟೆ ನೋಡಿ, ಆಮೇಲೆ ದೀಪ ಆರಿಸಿಬಿಡಿ. ಉಳಿದ ಹುಳಗಳು ಜೋಡಿ ಹುಡುಕಿಕೊಂಡು ಮಣ್ಣು ಸೇರಲಿ.

ಮಳೆಗಾಲದ ರಾತ್ರಿ ಹಿತ್ತಲಿಗೆ ಇಳಿಯುವಾಗ ಕಾಲಿಗೆ ಶೂ, ಕೈಯಲ್ಲಿ ಟಾರ್ಚು ಇರಲೇಬೇಕು. ಹಗಲು ಸರಸರ ಓಡುವ ಉದ್ದನೆಯ ಹಾವು ಹೆಚ್ಚಾಗಿ ಇಲಿ ಹಿಡಿಯುವ ಕೆರೆಹಾವು, ವಿಷವಿಲ್ಲದ್ದು. ಆದರೆ ನಾಗರ, ಕಟ್ಟುಹಾವು, ಕೊಳಕುಮಂಡಲಗಳೂ ಊರೊಳಗೆ ಬರುತ್ತವೆ. ಗುರುತು ಸಿಗದಿದ್ದರೆ ಹತ್ತಿರ ಹೋಗಬೇಡಿ, ಹೊಡೆಯಲೂ ಬೇಡಿ. ಹಾವು ಹಿಡಿಯುವವರನ್ನು ಕರೆಸಿ.

ಆಷಾಢದ ಹೊತ್ತಿಗೆ ಕಾಂಪೌಂಡಿನ ಮೇಲೆ ಕಾಗೆಯೊಂದು ಮರಿಗೆ ತುತ್ತು ಕೊಡುತ್ತಿರುತ್ತದೆ. ಮರಿಯನ್ನು ಸರಿಯಾಗಿ ನೋಡಿ. ಬಾಲ ಉದ್ದವಿದ್ದು ಕೂಗು ಕಾಗೆಯದಲ್ಲದಿದ್ದರೆ, ಮೈಮೇಲೆ ಅಲ್ಲಲ್ಲಿ ತಿಳಿ ಚುಕ್ಕೆ ಕಂಡರೆ, ಯುಗಾದಿಯಲ್ಲಿ ನೀವು ಕೇಳಿದ ಕೋಗಿಲೆಯ ಸಂಸಾರ ಅದು. ಕಾಗೆಯ ಗೂಡಿನಲ್ಲಿಟ್ಟ ಮೊಟ್ಟೆ ಕಾಗೆಯ ಮೊಟ್ಟೆಗಳಿಗಿಂತ ಮೊದಲೇ ಒಡೆದು, ಮರಿ ಈಗ ರೆಕ್ಕೆ ಬಡಿಯುತ್ತ ಬಾಯಿ ತೆರೆದು ಕೂತಿದೆ. ತಾರೀಖು ಬರೆದುಕೊಳ್ಳಿ.